ಹುಳುಗಳು ಹೇಳುವುದು ಸಾವಿನ ಗಳಿಗೆಯನ್ನಲ್ಲ

ಇಲ್ಲಿ ಹಲವು ಶವಗಳನ್ನು ಹೂತಿದ್ದೇನೆಂದು ಒಬ್ಬಾತ ಕೊಟ್ಟ ದೂರಿನ ಮೇಲೆ, 2025ರ ಜುಲೈ ಕೊನೆಯಲ್ಲಿ ವಿಶೇಷ ತನಿಖಾ ತಂಡವು ಧರ್ಮಸ್ಥಳದ ನೇತ್ರಾವತಿ ದಡದಲ್ಲಿ ನೆಲ ಅಗೆಸಲು ತೊಡಗಿತು. ಗುರುತು ಹಾಕಿದ ಆರನೆಯ ಜಾಗದಲ್ಲಿ ಮೂಳೆಗಳು ಸಿಕ್ಕವು. ಆಗಸ್ಟ್‌ನಲ್ಲಿ ದೂರು ಕೊಟ್ಟವನೇ ಬಂಧನಕ್ಕೊಳಗಾದ. ಸೆಪ್ಟೆಂಬರ್‌ನಲ್ಲಿ ಬಂಗ್ಲೆಗುಡ್ಡೆಯ ಕಾಡಿನಲ್ಲಿ, ಯಾರೂ ಅಗೆಯದ ನೆಲದ ಮೇಲೆಯೇ, ತಲೆಬುರುಡೆಗಳು ಕಾಣಿಸಿದವು. ಆ ಪ್ರಕರಣದ ಸತ್ಯಾಸತ್ಯತೆಯನ್ನು ತನಿಖೆ ಮತ್ತು ನ್ಯಾಯಾಲಯ ನೋಡಿಕೊಳ್ಳುತ್ತವೆ. ಈ ಲೇಖನದ ವಿಷಯ ಅದಲ್ಲ. ಆದರೆ ಸುದ್ದಿಯನ್ನು ಹಿಂಬಾಲಿಸಿದ ಓದುಗರಲ್ಲಿ ಒಂದು ಗೊಂದಲ ಉಳಿದುಹೋಯಿತು. ಸತ್ತು ಎಷ್ಟು ಕಾಲವಾಯಿತು ಎಂಬುದನ್ನು ಪ್ರಯೋಗಾಲಯ ಕರಾರುವಾಕ್ಕಾಗಿ ಹೇಳಿಬಿಡುತ್ತದೆಯೇ? ಅಥವಾ ಇಷ್ಟು ದಿನವಾದ ಮೇಲೆ ಏನನ್ನೂ ಹೇಳಲಾಗದೇ?

ಎರಡೂ ಅಲ್ಲ. ಅದರಲ್ಲೂ ಶವದ ಮೇಲಿನ ನೊಣ, ಹುಳು, ದುಂಬಿಗಳನ್ನು ಓದುವ ವಿಧಿವಿಜ್ಞಾನ ಕೀಟಶಾಸ್ತ್ರದ ಮಟ್ಟಿಗೆ ಉತ್ತರ ಬೇರೆಯೇ ಇದೆ. ಕೀಟಗಳು ಸಾವಿನ ಗಳಿಗೆಯನ್ನು ಹೇಳುವುದಿಲ್ಲ. ಆ ದೇಹ ತಮಗೆ ಎಂದಿನಿಂದ ಸಿಕ್ಕಿತು ಎಂಬುದನ್ನು ಹೇಳುತ್ತವೆ. ಈ ಎರಡರ ನಡುವಿನ ಅಂತರ ಕೆಲವೊಮ್ಮೆ ಅರ್ಧ ಗಂಟೆ, ಕೆಲವೊಮ್ಮೆ ಎರಡು ವಾರ. ನ್ಯಾಯಾಲಯಗಳಲ್ಲಿ ನಡೆಯುವ ಜಗಳವೆಲ್ಲ ಈ ಅಂತರದ ಮೇಲೆಯೇ.

ನೊಣ ಬಂದದ್ದು ಯಾವಾಗ

ಬೆಚ್ಚನೆಯ ಹಗಲು, ತೆರೆದ ಜಾಗ. ಇಂಥಲ್ಲಿ ಸಾವು ಸಂಭವಿಸಿದರೆ ಕೆಲವೇ ನಿಮಿಷಗಳಲ್ಲಿ ಹಸಿರು, ನೀಲಿ ಮಿಂಚಿನ ಮಾಂಸದ ನೊಣಗಳು ಬಂದು ಕೂರುತ್ತವೆ. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಕ್ರೈಸೊಮಿಯಾ ಮೆಗಾಸೆಫಲಾ, ಕ್ರೈಸೊಮಿಯಾ ರುಫಿಫೇಸಿಸ್ ಮತ್ತು ಲುಸಿಲಿಯಾ ಕುಲದ ನೊಣಗಳು. ಕಣ್ಣು, ಮೂಗು, ಬಾಯಿ, ಗಾಯ ಎಲ್ಲಿ ತೇವವಿದೆಯೋ ಅಲ್ಲಿ ಮೊಟ್ಟೆ ಇಡುತ್ತವೆ. ಸೆಕೆಯಲ್ಲಿ ಒಂದು ದಿನದೊಳಗೆ ಮೊಟ್ಟೆ ಒಡೆಯುತ್ತದೆ. ಹುಳು ಎರಡು ಬಾರಿ ಪೊರೆ ಕಳಚಿ ಮೂರು ಹಂತಗಳಲ್ಲಿ ಬೆಳೆಯುತ್ತದೆ. ಹೊಟ್ಟೆ ತುಂಬಿದ ಮೇಲೆ ದೇಹವನ್ನು ಬಿಟ್ಟು ತೆವಳಿ ಮಣ್ಣು ಸೇರುತ್ತದೆ, ಕಂದು ಬಣ್ಣದ ಗಟ್ಟಿ ಕೋಶದೊಳಗೆ ಕೂತು ನೊಣವಾಗಿ ಹೊರಬರುತ್ತದೆ. ನಮ್ಮ ಬೇಸಗೆಯ ಶಾಖದಲ್ಲಿ ಈ ಇಡೀ ಸುತ್ತು ಮುಗಿಯಲು ಹತ್ತು ದಿನಗಳ ಆಸುಪಾಸು ಸಾಕು.

ಹುಳುವಿನ ಜಾತಿ, ಅದು ತಲುಪಿರುವ ಹಂತ, ಅಲ್ಲಿನ ಉಷ್ಣಾಂಶ ಈ ಮೂರೂ ಗೊತ್ತಿದ್ದರೆ ಮೊಟ್ಟೆ ಇಟ್ಟ ಸಮಯಕ್ಕೆ ಹಿಂದಕ್ಕೆ ಲೆಕ್ಕ ಹಾಕಬಹುದು. ಮೊಟ್ಟೆ ಬೀಳುವಷ್ಟರಲ್ಲಿ ವ್ಯಕ್ತಿ ಸತ್ತಿರಲೇಬೇಕು ಎಂದು ಇಟ್ಟುಕೊಂಡರೆ ಸಾವಿನಿಂದೀಚೆಗೆ ಕಳೆದ ಕನಿಷ್ಠ ಅವಧಿ ಸಿಗುತ್ತದೆ. ಕನಿಷ್ಠ ಅವಧಿ ಮಾತ್ರ. ವರದಿಗಾರರು ಬಿಟ್ಟುಬಿಡುವುದು ಈ ಮಾತನ್ನೇ. ತಜ್ಞರು “ಐದು ದಿನಕ್ಕಿಂತ ಕಡಿಮೆಯಿಲ್ಲ” ಎಂದದ್ದು ಮರುದಿನದ ಪತ್ರಿಕೆಯಲ್ಲಿ “ಐದು ದಿನಗಳ ಹಿಂದೆ ಕೊಲೆ” ಎಂದಾಗಿರುತ್ತದೆ.

ಹಾಗೆ ಇಟ್ಟುಕೊಂಡದ್ದಕ್ಕೂ ಒಂದು ಅಪವಾದವಿದೆ. ಹಾಸಿಗೆ ಹಿಡಿದ, ಆರೈಕೆಯಿಲ್ಲದ ವೃದ್ಧರ ಹುಣ್ಣಿನಲ್ಲಿ ಬದುಕಿರುವಾಗಲೇ ಹುಳು ಬೀಳುವುದು ವೈದ್ಯರಿಗೆ ಹೊಸದಲ್ಲ. ಅಂಥ ದೇಹದಲ್ಲಿ ಕೀಟದ ಲೆಕ್ಕ ಸಾವಿಗಿಂತ ಹಿಂದಕ್ಕೆ ಹೋಗಿಬಿಡುತ್ತದೆ. ಅದೇ ಲೆಕ್ಕ ಆಗ ನಿರ್ಲಕ್ಷ್ಯ ಎಷ್ಟು ದಿನಗಳದ್ದು ಎಂಬುದಕ್ಕೆ ಸಾಕ್ಷಿಯಾಗುತ್ತದೆ.

ನೊಣಗಳ ಹಿಂದೆ ಬರುವ ದುಂಬಿಗಳು

ಸಿನಿಮಾ, ಧಾರಾವಾಹಿಗಳಲ್ಲಿ ಹುಳುಗಳಿಗೆ ಸಿಕ್ಕಷ್ಟು ಜಾಗ ದುಂಬಿಗಳಿಗೆ ಸಿಕ್ಕಿಲ್ಲ. ತಡವಾಗಿ ಸಿಕ್ಕ ಶವಗಳಲ್ಲಿ ಮಾತನಾಡುವುದು ಬಹುಪಾಲು ಅವೇ.

ಹೆಣದುಂಬಿಗಳೆಂದು ಕರೆಯಬಹುದಾದ ಸಿಲ್ಫಿಡ್ ಗುಂಪಿನಲ್ಲಿ ಎರಡು ಬಗೆ. ನಿಕ್ರೋಫೋರಸ್ ಕುಲದವು ಜೋಡಿಯಾಗಿ ಬಂದು ಇಲಿಯನ್ನೋ ಚಿಕ್ಕ ಹಕ್ಕಿಯನ್ನೋ ಮಣ್ಣಿನಡಿ ಹೂತು, ಅದನ್ನೇ ಮರಿಗಳಿಗೆ ಉಣಿಸುತ್ತವೆ. ತಂದೆ, ತಾಯಿ ಇಬ್ಬರೂ ಮರಿ ಸಾಕುವುದು ಕೀಟಲೋಕದಲ್ಲಿ ಅಪರೂಪ. ಆದರೆ ಮನುಷ್ಯನ ಶವದ ತನಿಖೆಗೆ ಇವುಗಳಿಂದ ಹೆಚ್ಚು ಪ್ರಯೋಜನವಿಲ್ಲ. ಎರಡನೆಯ ಬಗೆಯವು ಚಪ್ಪಟೆ ಮೈಯ ಕಪ್ಪು ದುಂಬಿಗಳು, ದೊಡ್ಡ ಕಳೇಬರಗಳಿಗೆ ಬರುವಂಥವು. ಯುರೋಪಿನಲ್ಲಿ ನೆಕ್ರೋಡಿಸ್ ಲಿಟೊರಾಲಿಸ್ ಎಂಬುದು ಮನುಷ್ಯರ ಶವಗಳ ಮೇಲೂ ಮತ್ತೆ ಮತ್ತೆ ದಾಖಲಾಗಿದೆ. ಆಫ್ರಿಕಾದ ಥನಾಟೊಫಿಲಸ್ ಮೈಕಾನ್ಸ್ ಸಾವಿನ ಮೊದಲ ದಿನವೇ ಬರಬಲ್ಲದು. ನೊಣಕ್ಕಿಂತ ನಿಧಾನವಾಗಿ ಬೆಳೆಯುವ ಕೀಟವೊಂದು ನೊಣದಷ್ಟೇ ಬೇಗ ಬರುವುದಾದರೆ, ಅದು ಹೆಚ್ಚು ದಿನ ಓಡುವ ಗಡಿಯಾರ. ನೊಣಗಳು ಹಾರಿಹೋದ ಮೇಲೂ ದುಂಬಿಯ ಮರಿ ಇನ್ನೂ ಬೆಳೆಯುತ್ತಿರುತ್ತದೆ. ಈ ಗುಂಪಿನ ಮೇಲೆ ಸಂಶೋಧಕರ ಕಣ್ಣು ಬಿದ್ದಿರುವುದು ಇದೇ ಕಾರಣಕ್ಕೆ.

ಭಾರತದ ಬಯಲು ಸೀಮೆಯಲ್ಲಿ ಕಥೆ ಬೇರೆ. ಸಿಲ್ಫಿಡ್‌ಗಳು ತಂಪು ಪ್ರದೇಶಗಳನ್ನು ಹೆಚ್ಚು ಇಷ್ಟಪಡುವವು. ಇಲ್ಲಿ ತೊಗಲು ಒಣಗುವ ಹಂತಕ್ಕೆ ಬರುವುದು ಡರ್ಮೆಸ್ಟಿಸ್ ಕುಲದ ತೊಗಲುದುಂಬಿ ಮತ್ತು ನೆಕ್ರೋಬಿಯಾ ರುಫಿಪೆಸ್ ಎಂಬ ಕೆಂಪುಕಾಲಿನ ದುಂಬಿ. ಇವು ಕನ್ನಡನಾಡಿಗೆ ಅಪರಿಚಿತವಲ್ಲ. ರೇಷ್ಮೆ ಮೊಟ್ಟೆ ತಯಾರಿಕಾ ಕೇಂದ್ರಗಳಲ್ಲಿ ತೂತಾದ ಗೂಡುಗಳನ್ನೂ ಸತ್ತ ಚಿಟ್ಟೆಗಳನ್ನೂ ತಿನ್ನುವ ಪೀಡೆ ಡರ್ಮೆಸ್ಟಿಸ್. ದಾಸ್ತಾನಿಟ್ಟ ಕೊಬ್ಬರಿಗೆ, ಒಣಮೀನಿಗೆ ಬೀಳುವುದು ಕೆಂಪುಕಾಲಿನ ದುಂಬಿ. ಕೊಬ್ಬರಿಯ ಗೋದಾಮಿಗೂ ಅಪರಾಧ ಸ್ಥಳಕ್ಕೂ ಒಂದೇ ಕೀಟ ಬರುವುದರಲ್ಲಿ ವಿಚಿತ್ರವೇನಿಲ್ಲ: ಎರಡೂ ಕಡೆ ಅದಕ್ಕೆ ಬೇಕಾದದ್ದು ಒಣಗಿದ ಕೊಬ್ಬು, ಪ್ರೋಟೀನು. ಕರ್ನಾಟಕದ ಕೃಷಿ ಮತ್ತು ರೇಷ್ಮೆ ಕೀಟತಜ್ಞರು ಇವುಗಳ ಬೆಳವಣಿಗೆಯನ್ನು ಬಹಳ ಕಾಲದಿಂದ ಬಲ್ಲರು. ಆ ತಿಳಿವಳಿಕೆ ಪೊಲೀಸ್ ಇಲಾಖೆಯತ್ತ ಹರಿದಿಲ್ಲ, ಅಷ್ಟೆ.

ಡರ್ಮೆಸ್ಟಿಸ್ ದುಂಬಿ ಮೊಟ್ಟೆಯಿಂದ ಪ್ರೌಢವಾಗಲು ಬೇಸಗೆಯಲ್ಲೂ ಐದಾರು ವಾರ ಬೇಕು. ಅದರ ಕೂದಲು ತುಂಬಿದ ಮರಿ ಹಲವು ಬಾರಿ ಪೊರೆ ಬಿಡುತ್ತದೆ, ಆ ಪೊರೆಗಳು ಮೂಳೆಗಳ ನಡುವೆ ಉಳಿಯುತ್ತವೆ. ಹಾಗಾಗಿ ತಿಂಗಳುಗಳ ಹಿಂದಿನ ಶವಕ್ಕೂ ಒಂದು ಕೆಳಮಿತಿ ಹಾಕಲು ಸಾಧ್ಯ. ದೌರ್ಬಲ್ಯವೂ ಇಲ್ಲೇ ಇದೆ. ತೊಗಲುದುಂಬಿ ಬರುವ ದಿನವನ್ನು ನಿರ್ಧರಿಸುವುದು ದೇಹ ಒಣಗುವ ವೇಗ, ಸಾವಿನ ದಿನವಲ್ಲ. ಬಳ್ಳಾರಿಯ ಏಪ್ರಿಲ್‌ನಲ್ಲಿ ಬೇಗ ಒಣಗುವ ದೇಹ ಆಗುಂಬೆಯ ಜುಲೈನಲ್ಲಿ ಒಣಗುವುದೇ ಇಲ್ಲ.

ಕೀಟಗಳು ಸುಳ್ಳು ಗಾಯಗಳನ್ನೂ ಮಾಡುತ್ತವೆ. ತೊಗಲುದುಂಬಿ ಚರ್ಮದಲ್ಲಿ ತೂತು ಕೊರೆಯುತ್ತದೆ. ಇರುವೆಗಳು ಕಚ್ಚಿದ ಜಾಗ ಒಣಗಿ ಕಂದಾಗಿ, ತರಚುಗಾಯದಂತೆ, ಕೆಲವೊಮ್ಮೆ ಆಮ್ಲ ಚೆಲ್ಲಿದಂತೆ ಕಾಣುತ್ತದೆ. ಅನುಭವಿ ವೈದ್ಯರು ಇದನ್ನು ಗುರುತಿಸುತ್ತಾರೆ. ಮಹಜರಿನ ಹೊತ್ತಿಗೆ ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚುವವರು ಗುರುತಿಸುವುದಿಲ್ಲ. ಚಿತ್ರಹಿಂಸೆಯ ವದಂತಿ ಅಲ್ಲಿಂದಲೇ ಹೊರಡುತ್ತದೆ.

ಶಾಖದ ಲೆಕ್ಕ, ಬೇರೆಯವರ ಪಂಚಾಂಗ

ಕೀಟಗಳ ಮೈಗೆ ತನ್ನದೇ ಶಾಖವಿಲ್ಲ. ಸುತ್ತಲಿನ ಉಷ್ಣಾಂಶ ಏರಿದಂತೆ ಬೆಳವಣಿಗೆ ಚುರುಕಾಗುತ್ತದೆ, ಒಂದು ಮಟ್ಟಕ್ಕಿಂತ ಕೆಳಗಿಳಿದರೆ ನಿಲ್ಲುತ್ತದೆ. ಆದ್ದರಿಂದ ತಜ್ಞರು ಬರಿಯ ಗಂಟೆಗಳನ್ನು ಎಣಿಸದೆ, ಆ ಕೆಳಮಟ್ಟಕ್ಕಿಂತ ಎಷ್ಟು ಡಿಗ್ರಿ ಹೆಚ್ಚು ಶಾಖ ಎಷ್ಟು ಗಂಟೆ ಇತ್ತು ಎಂಬುದನ್ನು ಗುಣಿಸಿ ಕೂಡಿಸುತ್ತಾರೆ. ಲೆಕ್ಕ ತಿಳಿಯಲೆಂದು ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಒಂದು ಹುಳು ಈಗಿನ ಹಂತ ತಲುಪಲು 2000 ಡಿಗ್ರಿ-ಗಂಟೆ ಬೇಕು, ಕೆಳಮಿತಿ 10 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಳ್ಳಿ. ಸರಾಸರಿ 26 ಡಿಗ್ರಿ ಇದ್ದರೆ ಅದಕ್ಕೆ 125 ಗಂಟೆ ಹಿಡಿಯುತ್ತದೆ. 22 ಡಿಗ್ರಿ ಇದ್ದರೆ ಸುಮಾರು 167 ಗಂಟೆ. ನಾಲ್ಕು ಡಿಗ್ರಿ ತಪ್ಪಿದರೆ ಉತ್ತರ ಹತ್ತಿರ ಹತ್ತಿರ ಎರಡು ದಿನ ತಪ್ಪುತ್ತದೆ. ಊರಿನ ಹವಾಮಾನ ಕೇಂದ್ರದ ಅಂಕಿಗೂ ಘಟ್ಟದ ಮರಗಳ ನೆರಳಿಗೂ ನಾಲ್ಕು ಡಿಗ್ರಿ ವ್ಯತ್ಯಾಸವಿರುವುದು ದೊಡ್ಡ ಸಂಗತಿಯೇನಲ್ಲ. ಆ ಎರಡು ದಿನಗಳಲ್ಲಿ ಆರೋಪಿ ಊರಿನಲ್ಲಿದ್ದನೋ ಇಲ್ಲವೋ ಎಂಬುದೇ ಪ್ರಕರಣದ ತಿರುಳಾಗಿರಬಹುದು.

ಅಷ್ಟಕ್ಕೇ ಮುಗಿಯುವುದಿಲ್ಲ. ಸಾವಿರಾರು ಹುಳುಗಳು ಗುಂಪಾಗಿ ಮುಲುಗುಡುವಾಗ ಅವುಗಳ ನಡುವಿನ ಶಾಖ ಹೊರಗಿನದಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ಏರಬಲ್ಲದು. ಮಳೆ ನೊಣಗಳನ್ನು ತಡೆಯುತ್ತದೆ. ಮುಚ್ಚಿದ ಕೋಣೆ, ಕಟ್ಟಿದ ಚೀಲ, ಸುತ್ತಿದ ಕಂಬಳಿ ಅವುಗಳ ಬರವನ್ನು ಗಂಟೆಗಟ್ಟಲೆ, ದಿನಗಟ್ಟಲೆ ಮುಂದೂಡುತ್ತವೆ. ಕ್ರೈಸೊಮಿಯಾ ರುಫಿಫೇಸಿಸ್‌ನ ಹುಳುಗಳಂತೂ ತಮಗಿಂತ ಮೊದಲು ಬಂದ ನೊಣಗಳ ಹುಳುಗಳನ್ನೇ ಬೇಟೆಯಾಡುತ್ತವೆ. ಎಲ್ಲಕ್ಕಿಂತ ಹಳೆಯ ಸಾಕ್ಷಿಯನ್ನು ಎರಡನೆಯ ಸಾಕ್ಷಿ ತಿಂದುಹಾಕಿರಬಹುದು.

ಮೊದಲಿನಿಂದಲೂ ಈ ವಿದ್ಯೆಯ ಎಡವಟ್ಟು ಹುಟ್ಟಿದ್ದು ಎರವಲು ಪಂಚಾಂಗದಿಂದ. ಫ್ರಾನ್ಸಿನ ವೈದ್ಯ ಬೆರ್ಜೆರೆ 1855ರಲ್ಲಿ ಪ್ರಕಟಿಸಿದ ಪ್ರಕರಣ ಪ್ರಸಿದ್ಧ. ಮನೆಯ ರಿಪೇರಿಯ ವೇಳೆ ಅಗ್ಗಿಷ್ಟಿಕೆಯ ಹಿಂದೆ ಶಿಶುವಿನ ಒಣ ಶವ ಸಿಕ್ಕಿತ್ತು. ಕೀಟಗಳ ಆಧಾರದಿಂದ ಅವರು ಅದು 1848ರದ್ದೆಂದೂ ಈಗಿನ ನಿವಾಸಿಗಳು ಹೊಣೆಯಲ್ಲವೆಂದೂ ಹೇಳಿದರು. ಆದರೆ ಕೀಟದ ಜೀವನಚಕ್ರಕ್ಕೆ ಒಂದು ವರ್ಷ ಬೇಕು ಎಂಬ ಅವರ ಎಣಿಕೆ ತಪ್ಪಾಗಿತ್ತು. 1894ರಲ್ಲಿ ಜಾನ್ ಪಿಯರ್ ಮೆನ್ಯೆಂ ಶವಕ್ಕೆ ಎಂಟು ಸರದಿಗಳಲ್ಲಿ ಕೀಟಗಳು ಬರುತ್ತವೆ ಎಂದು ಪಟ್ಟಿ ಮಾಡಿದರು. ಅದು ಫ್ರಾನ್ಸಿನ ಚಳಿಯ ಪಟ್ಟಿ. ನಮ್ಮ ಸೆಕೆಯಲ್ಲಿ ಸರದಿಗಳು ಒಂದರ ಮೇಲೊಂದು ಬೀಳುತ್ತವೆ, ಕೆಲವು ಬರುವುದೇ ಇಲ್ಲ.

ಹೊಂದಿಕೆಯಾದಾಗ ಈ ಲೆಕ್ಕ ಎಷ್ಟು ಬಲವಾಗಿರುತ್ತದೆ ಎಂಬುದಕ್ಕೆ 1935ರ ಬಕ್ ರಕ್ಸ್‌ಟನ್ ಪ್ರಕರಣವಿದೆ. ಮುಂಬೈಯಲ್ಲಿ ಹುಟ್ಟಿ ಇಂಗ್ಲೆಂಡಿನ ಲ್ಯಾಂಕಾಸ್ಟರ್‌ನಲ್ಲಿ ವೈದ್ಯನಾಗಿದ್ದ ಈತ ಹೆಂಡತಿಯನ್ನೂ ಮನೆಗೆಲಸದವಳನ್ನೂ ಕೊಂದು, ತುಂಡುಗಳನ್ನು ಸ್ಕಾಟ್ಲೆಂಡಿನ ಕಣಿವೆಯೊಂದಕ್ಕೆ ಎಸೆದಿದ್ದ. ಗ್ಲಾಸ್ಗೋದ ಅಲೆಕ್ಸಾಂಡರ್ ಮರ್ನ್ಸ್ ಹುಳುಗಳ ವಯಸ್ಸು 12ರಿಂದ 14 ದಿನ ಎಂದರು, ಅದು ಇಬ್ಬರೂ ಕಣ್ಮರೆಯಾದ ದಿನಗಳೊಂದಿಗೆ ಕೂಡಿಬಂತು. ಅಲ್ಲಿ ಕೀಟಸಾಕ್ಷ್ಯ ಒಂಟಿಯಾಗಿರಲಿಲ್ಲ. ತಲೆಬುರುಡೆಗೆ ಭಾವಚಿತ್ರ ಹೊಂದಿಸಿ ನೋಡಿದ್ದೂ, ದೇಹದ ಭಾಗಗಳನ್ನು ಸುತ್ತಿದ್ದ ಪತ್ರಿಕೆಯೂ ಜತೆಗಿದ್ದವು.

ಸ್ಯಾನ್ ಡಿಯಾಗೊ: ನಾಲ್ವರು ತಜ್ಞರು, ಹೊಂದದ ದಿನಾಂಕಗಳು

ಗೊಂದಲ ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 2002ರಲ್ಲಿ ನಡೆದ ವಿಚಾರಣೆಯನ್ನು ನಿಧಾನವಾಗಿ ನೋಡಬೇಕು. ಫೆಬ್ರವರಿ ಮೊದಲ ದಿನಗಳಲ್ಲಿ ಏಳು ವರ್ಷದ ಬಾಲಕಿಯೊಬ್ಬಳು ಮನೆಯಿಂದ ಕಾಣೆಯಾದಳು. 27ರಂದು ರಸ್ತೆಬದಿಯಲ್ಲಿ ಶವ ಸಿಕ್ಕಿತು. ಆರೋಪಿ ನೆರೆಮನೆಯಾತ. ಬಾಲಕಿ ಕಾಣೆಯಾದ ಕೆಲವೇ ದಿನಗಳಲ್ಲಿ ಅವನ ಮೇಲೆ ಪೊಲೀಸರ ಕಣ್ಗಾವಲು ಬಿದ್ದಿತ್ತು. ಹಾಗಾಗಿ ದೇಹವನ್ನು ಅಲ್ಲಿಗೆ ತಂದು ಹಾಕಿದ್ದು ತಿಂಗಳ ಮಧ್ಯದಲ್ಲಿ ಎಂದಾದರೆ, ಅದು ಅವನ ಕೆಲಸವಾಗಿರಲು ಸಾಧ್ಯವಿರಲಿಲ್ಲ.

ಕೀಟತಜ್ಞ ಡೇವಿಡ್ ಫಾಕ್‌ನರ್ ಮೊದಲು ಕೀಟಗಳನ್ನು ಸಂಗ್ರಹಿಸಿದ್ದು ತನಿಖಾಧಿಕಾರಿಗಳಿಗಾಗಿ. ಅವರ ಲೆಕ್ಕ ಫೆಬ್ರವರಿ 16ರಿಂದ 18ರ ಸುಮಾರಿಗೆ ನಿಂತಿತು. ಕೊನೆಗೆ ಅವರು ಸಾಕ್ಷಿ ನುಡಿದದ್ದು ಆರೋಪಿಯ ಪರವಾಗಿ. ಪ್ರಾಸಿಕ್ಯೂಷನ್ ಕರೆಸಿದ ಲೀ ಗಾಫ್ ಅವರ ಅಂದಾಜು 9ರಿಂದ 14. ಆರೋಪಿ ಪರ ಬಂದ ಇನ್ನಿಬ್ಬರು ತಜ್ಞರ ದಿನಾಂಕಗಳೂ ಹೊಂದಲಿಲ್ಲ. ಯಾವ ಹವಾಮಾನ ಕೇಂದ್ರದ ಅಂಕಿ ಬಳಸಬೇಕು ಎಂಬುದೇ ಪಾಟೀಸವಾಲಿನ ವಸ್ತುವಾಯಿತು. ಪ್ರಾಸಿಕ್ಯೂಷನ್ ಇನ್ನೊಂದು ದಾರಿ ಹಿಡಿಯಿತು: ಆ ತಿಂಗಳು ಬಿಸಿಯಾದ ಒಣಗಾಳಿ ಬೀಸಿತ್ತು, ದೇಹ ಬೇಗ ಒಣಗಿದ್ದರಿಂದ ನೊಣಗಳು ತಡವಾಗಿ ಬಂದಿರಬಹುದು, ಮೊದಲ ದಿನಗಳಲ್ಲಿ ಹೊದಿಕೆ ಇದ್ದಿರಬಹುದು, ಮೊಟ್ಟೆಗಳನ್ನು ಇರುವೆಗಳು ಹೊತ್ತೊಯ್ದಿರಬಹುದು.

ಆರೋಪಿಯ ಜಾಕೆಟ್ಟಿನ ಮೇಲೆ, ಅವನ ವಾಹನದಲ್ಲಿ ಬಾಲಕಿಯ ರಕ್ತದ ಕಲೆ ಇತ್ತು. ಜ್ಯೂರಿ ಅವನನ್ನು ಅಪರಾಧಿ ಎಂದಿತು, 2003ರ ಜನವರಿಯಲ್ಲಿ ಮರಣದಂಡನೆ ಘೋಷಣೆಯಾಯಿತು. ಕೀಟವಿಜ್ಞಾನ ಸೋತಿತು ಎಂದು ಆಗ ಬರೆದವರಿದ್ದಾರೆ. ಹಾಗೆ ಹೇಳುವುದು ಅವಸರದ ಮಾತು. ನಾಲ್ವರೂ ಲೆಕ್ಕ ಹಾಕಿದ್ದು ನೊಣ ಮೊಟ್ಟೆಯಿಟ್ಟ ದಿನವನ್ನು. ಎರಡೂ ಕಡೆಯ ವಕೀಲರು ಅದನ್ನು ದೇಹ ಬಿದ್ದ ದಿನ ಎಂದು ಓದಿಸಲು ಇಲ್ಲವೇ ಓದದಂತೆ ಮಾಡಲು ಹೆಣಗಿದರು. ನೊಣ ಬರಲು ಎಷ್ಟು ತಡವಾಯಿತು ಎಂಬ ಪ್ರಶ್ನೆಗೆ ಹುಳುವಿನ ಮೈಯಲ್ಲಿ ಉತ್ತರವಿರುವುದಿಲ್ಲ. ಅದನ್ನು ಸ್ಥಳದ ಉಳಿದ ಸಂಗತಿಗಳಿಂದಲೇ ಹುಡುಕಬೇಕು.

ಹುಳುವೇ ಇಲ್ಲದಿದ್ದರೆ

ತಿರುಗುಮುರುಗಾದ ಪ್ರಕರಣವೂ ಇದೆ. 2001ರ ಜುಲೈ 8ರ ರಾತ್ರಿ ಲಾಸ್ ವೇಗಸ್‌ನಲ್ಲಿ ಕಸದ ತೊಟ್ಟಿಯ ಹಿಂದೆ ಒಬ್ಬನ ಶವ ಸಿಕ್ಕಿತು. ಮೈತುಂಬ ಗಾಯ. 18ರ ಯುವತಿಯೊಬ್ಬಳಿಗೆ ಶಿಕ್ಷೆಯಾಯಿತು. ಅವಳು ಆ ದಿನವಿಡೀ ದೂರದ ಊರಿನಲ್ಲಿದ್ದಳು ಎಂಬುದಕ್ಕೆ ಸಾಕ್ಷಿಗಳಿದ್ದರು. ಕೊಲೆ ನಸುಕಿನಲ್ಲೇ ಆಗಿದ್ದರೆ ಅದರಿಂದ ಅವಳಿಗೆ ಲಾಭವಿರಲಿಲ್ಲ. ವರ್ಷಗಳ ನಂತರ ಕೀಟತಜ್ಞರು ಚಿತ್ರಗಳನ್ನೂ ದಾಖಲೆಗಳನ್ನೂ ನೋಡಿ ಒಂದು ಸರಳ ಸಂಗತಿ ಹೇಳಿದರು: ಮರುಭೂಮಿಯ ಜುಲೈ, ತೆರೆದ ಗಾಯಗಳು, ಪಕ್ಕದಲ್ಲೇ ಕಸ, ಆದರೂ ಒಂದೇ ಒಂದು ನೊಣದ ಮೊಟ್ಟೆ ಇಲ್ಲ. ಹಗಲಿಡೀ ಶವ ಅಲ್ಲಿದ್ದರೆ ಇದು ಸಾಧ್ಯವಿಲ್ಲ; ಸಾವು ಸೂರ್ಯ ಮುಳುಗುವ ಹೊತ್ತಿಗೆ ಅಥವಾ ಆಮೇಲೆ ಆಗಿರಬೇಕು. 2017ರ ಕೊನೆಯಲ್ಲಿ ಶಿಕ್ಷೆ ರದ್ದಾಯಿತು.

ಈ ವಾದದ ಅಡಿಪಾಯ ಮಾಂಸದ ನೊಣಗಳು ಕತ್ತಲಲ್ಲಿ ಮೊಟ್ಟೆ ಇಡುವುದಿಲ್ಲ ಎಂಬ ಸಾಮಾನ್ಯ ನಿಯಮ. ನಿಯಮ ಬಹುಮಟ್ಟಿಗೆ ನಿಜ. ಬೀದಿದೀಪ, ಸೆಕೆ ಇದ್ದಲ್ಲಿ ಅಪರೂಪಕ್ಕೆ ಅಪವಾದಗಳು ಕಂಡಿವೆ. ಕೆನಡಾದ ಸ್ಟೀವನ್ ಟ್ರಸ್ಕಾಟ್ ಪ್ರಕರಣದಲ್ಲಿ ಇದೇ ತಿರುಳಾಯಿತು. 1959ರಲ್ಲಿ 14ರ ಹುಡುಗನಾಗಿದ್ದ ಆತನಿಗೆ ಗಲ್ಲುಶಿಕ್ಷೆ ವಿಧಿಸಿದ್ದು ಸತ್ತ ಬಾಲಕಿಯ ಹೊಟ್ಟೆಯಲ್ಲಿದ್ದ ಆಹಾರದಿಂದ ಅಳೆದ ಸಾವಿನ ಸಮಯವನ್ನು ನಂಬಿ. ಶಿಕ್ಷೆ ಮುಂದೆ ಜೀವಾವಧಿಗೆ ಇಳಿಯಿತು. ಆಗ ಶವದಿಂದ ತೆಗೆದ ಹುಳುಗಳ ದಾಖಲೆ ಉಳಿದಿತ್ತು, ಅರ್ಧ ಶತಮಾನದ ಬಳಿಕ ತಜ್ಞರು ಅದನ್ನು ಓದಿದರು. ಮೊಟ್ಟೆ ಬಿದ್ದದ್ದು ಬಾಲಕಿ ಕಾಣೆಯಾದ ಸಂಜೆಯೋ ಮರುದಿನ ಬೆಳಗ್ಗೆಯೋ ಎಂಬುದರಲ್ಲಿ ಒಮ್ಮತ ಮೂಡಲಿಲ್ಲ. 2007ರಲ್ಲಿ ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು.

ಮಣ್ಣಿನಡಿಯ ಪ್ರಶ್ನೆ

ಈಗ ಹೂತ ಶವದ ವಿಚಾರ. ಕೂಡಲೇ ಆಳವಾಗಿ ಹೂತರೆ ಮಾಂಸದ ನೊಣ ತಲುಪುವುದಿಲ್ಲ, ದುಂಬಿಗಳ ಸರದಿಯೂ ತಪ್ಪುತ್ತದೆ. ಫೋರಿಡ್ ಎಂಬ ಚಿಕ್ಕ ನೊಣಗಳು ಮಾತ್ರ ಮಣ್ಣಿನ ಬಿರುಕುಗಳಲ್ಲಿ ನುಸುಳಿ ಒಂದೆರಡು ಮೀಟರ್ ಆಳಕ್ಕೂ ಇಳಿಯುತ್ತವೆ. ದಶಕಗಳು ಕಳೆದ ಮೂಳೆಯ ವಿಷಯದಲ್ಲಿ ಕೀಟಗಳಿಂದ ಇಸವಿ ತಿಳಿಯಬಹುದೆಂಬ ನಿರೀಕ್ಷೆ ಬೇಡ. ಒಮ್ಮೆ ತಿಂದು ಮುಗಿಸಿ ಹೋದ ಕೀಟಕ್ಕೆ ಆಮೇಲಿನ ಹತ್ತು ವರ್ಷವೂ ಒಂದೇ, ಇಪ್ಪತ್ತು ವರ್ಷವೂ ಒಂದೇ.

ಆದರೆ ಇಸವಿಯಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಗೆ ಅವು ಉತ್ತರ ಕೊಡಬಲ್ಲವು. ಆಳದ ಗುಂಡಿಯಲ್ಲಿ ಸಿಕ್ಕ ಮೂಳೆಗಳ ಜತೆ ಮಾಂಸದ ನೊಣದ ಖಾಲಿ ಕೋಶಗಳು ಸಿಕ್ಕರೆ, ಹೂಳುವ ಮೊದಲು ದೇಹ ಹೊರಗೆ ಬಿದ್ದಿತ್ತು ಎಂಬ ಅನುಮಾನ ಬಲವಾಗುತ್ತದೆ. ನೆಲದ ಮೇಲೆ ಸಿಕ್ಕ ಮೂಳೆಗಳ ಸುತ್ತ ಕೋಶಗಳಾಗಲಿ ದುಂಬಿಯ ಪೊರೆಗಳಾಗಲಿ ಸಿಗದಿದ್ದರೆ, ಅದು ಅಲ್ಲೇ ಕೊಳೆತ ದೇಹವೋ ಬೇರೆಡೆಯಿಂದ ಬಂದ ಮೂಳೆಯೋ ಎಂದು ಕೇಳಲೇಬೇಕು. ಕೋಶದ ಚಿಪ್ಪು ಗಟ್ಟಿ. ಒಣ ಜಾಗದಲ್ಲಿ ಬಹುಕಾಲ ಉಳಿಯುತ್ತದೆ. ಘಟ್ಟದ ಮಳೆ, ಹುಳಿ ಮಣ್ಣು, ಗೆದ್ದಲು ಇರುವಲ್ಲಿ ಅದರ ಆಯಸ್ಸು ಕಡಿಮೆ. ಹಾಗಾಗಿ ಕೋಶ ಸಿಗದಿದ್ದ ಮಾತ್ರಕ್ಕೆ ತೀರ್ಮಾನಕ್ಕೆ ಬರುವಂತಿಲ್ಲ.

ಇದಕ್ಕೆಲ್ಲ ಬೇಕಾದದ್ದು ಜರಡಿ. ಜೆಸಿಬಿಯ ಬಕೆಟ್ಟು ಎತ್ತಿ ಸುರಿದ ಮಣ್ಣಿನಲ್ಲಿ ಅಕ್ಕಿಕಾಳಿನ ಗಾತ್ರದ ಕೋಶ ಯಾವ ಆಳದಲ್ಲಿತ್ತು ಎಂದು ಆಮೇಲೆ ಯಾರೂ ಹೇಳಲಾರರು.

ವಿಷ ಸೇವಿಸಿದ ದೇಹ

ಕ್ರಿಮಿನಾಶಕ ಸೇವಿಸಿ ಸಾಯುವವರ ಸಂಖ್ಯೆ ನಮ್ಮಲ್ಲಿ ದೊಡ್ಡದು. ಕೀಟ ಕೊಲ್ಲುವ ವಿಷವಿರುವ ದೇಹದ ಮೇಲೆ ಕೀಟದ ಗಡಿಯಾರ ಸರಿಯಾಗಿ ನಡೆಯುವುದಾದರೂ ಹೇಗೆ? ಮ್ಯಾಲಥಿಯಾನ್ ಸೇವಿಸಿದವರೊಬ್ಬರ ದೇಹದಿಂದ ತೆಗೆದ ಹುಳುಗಳಲ್ಲೇ ಆ ವಿಷ ಪತ್ತೆಯಾದದ್ದನ್ನು ಹವಾಯಿಯ ಸಂಶೋಧಕರು 1989ರಲ್ಲಿ ವರದಿ ಮಾಡಿದರು. ರಕ್ತ, ಅಂಗಾಂಗ ಏನೂ ಉಳಿಯದ ಶವದಲ್ಲಿ ವಿಷ ಹುಡುಕಲು ಹುಳುವೇ ಮಾದರಿಯಾಗಬಹುದು ಎಂಬುದು ಇದರ ಲಾಭ. ವಿಷದಿಂದ ನೊಣಗಳು ತಡವಾಗಿ, ಕಡಿಮೆ ಸಂಖ್ಯೆಯಲ್ಲಿ ಬರಬಹುದು ಎಂಬುದು ಅಪಾಯ. ಅವಧಿ ಇದ್ದುದಕ್ಕಿಂತ ಕಡಿಮೆ ಕಾಣುತ್ತದೆ. ಕೊಕೇನ್ ಹುಳುಗಳ ಬೆಳವಣಿಗೆಯನ್ನು ಚುರುಕುಗೊಳಿಸುತ್ತದೆ, ಅಲ್ಲಿ ಅವಧಿ ಹೆಚ್ಚು ಕಾಣುತ್ತದೆ. ವಿಷ ಪರೀಕ್ಷೆಯ ವರದಿ ಬರುವ ಮೊದಲೇ ಕೀಟದ ಲೆಕ್ಕ ಮುಗಿಸುವುದು ಈ ಕಾರಣದಿಂದ ಸರಿಯಲ್ಲ.

ನಮ್ಮಲ್ಲಿ ಕೊರತೆ ಎಲ್ಲಿ

ಭಾರತದಲ್ಲಿ ಈ ಕುರಿತು ಮೂರು ನಿಲುವುಗಳಿವೆ. ಕೀಟತಜ್ಞರದು ಒಂದು: ಕೊಳೆತ ಶವ ಸಿಕ್ಕ ಪ್ರತಿ ಪ್ರಕರಣದಲ್ಲೂ ಕೀಟ ಸಂಗ್ರಹ ಕಡ್ಡಾಯವಾಗಲಿ. ಸಾವಾಗಿ ಮೂರು ದಿನ ಕಳೆದ ಮೇಲೆ ದೇಹದ ತಣಿವು, ಬಿಗಿತಗಳು ಉಪಯೋಗಕ್ಕೆ ಬಾರದಾಗ ಉಳಿಯುವ ಒಳ್ಳೆಯ ಅಳತೆ ಇದೊಂದೇ ಎಂಬುದು ಅವರ ವಾದ. ಶವಪರೀಕ್ಷೆ ನಡೆಸುವ ವೈದ್ಯರು ಅಷ್ಟು ಉತ್ಸಾಹ ತೋರುವುದಿಲ್ಲ. ಅವರ ತಕರಾರು ವ್ಯಾವಹಾರಿಕ: ತಾಲ್ಲೂಕು ಆಸ್ಪತ್ರೆಯಲ್ಲಿ ನೊಣದ ಜಾತಿ ಗುರುತಿಸುವವರು ಯಾರು? ಬಣ್ಣ, ಉಬ್ಬರ, ಕೊಳೆತ ನೋಡಿ “ಮೂರರಿಂದ ಐದು ದಿನ” ಎಂದು ಬರೆದರೆ ನ್ಯಾಯಾಲಯ ಒಪ್ಪುತ್ತಲೇ ಬಂದಿದೆ. ವಕೀಲರದು ಮೂರನೆಯದು, ತಜ್ಞರ ಮಾತು ಕೇವಲ ಅಭಿಪ್ರಾಯ, ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಅದನ್ನು ಪರಿಗಣಿಸಬಹುದು ಎನ್ನುತ್ತದೆಯೇ ಹೊರತು ನಂಬಲೇಬೇಕು ಎನ್ನುವುದಿಲ್ಲ.

ವೈದ್ಯರ ತಕರಾರಿನಲ್ಲಿ ನ್ಯಾಯವಿದೆ, ಆದರೆ ಅವರ ಪರಿಹಾರ ದುರ್ಬಲ. ಕೊಳೆತವೂ ಶಾಖವನ್ನೇ ಅವಲಂಬಿಸಿದೆ. ಕೀಟದ ಲೆಕ್ಕದಲ್ಲಿ ಕನಿಷ್ಠ ಪಕ್ಷ ಉಷ್ಣಾಂಶದ ಅಂಕಿ ಕಾಗದದ ಮೇಲಿರುತ್ತದೆ, ಎದುರಾಳಿ ವಕೀಲ ಅದನ್ನು ಪ್ರಶ್ನಿಸಬಹುದು. ಕಣ್ಣಂದಾಜಿಗೆ ಅಂಥ ಹಿಡಿಕೆಯೇ ಇಲ್ಲ.

ನಿಜವಾದ ಕೊರತೆ ಎರಡು ಕಡೆ. ಒಂದು, ಸ್ಥಳೀಯ ಮಾಹಿತಿ. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಬಾಸ್ 1980ರ ದಶಕದ ಆರಂಭದಲ್ಲಿ ಕಟ್ಟಿದಂಥ, ದಾನವಾಗಿ ಬಂದ ದೇಹಗಳ ಮೇಲೆ ಕೊಳೆತವನ್ನು ಅಭ್ಯಸಿಸುವ ಕೇಂದ್ರದ ಅನುಭವ ನಮಗಿಲ್ಲ. ಪಟಿಯಾಲದ ಪಂಜಾಬಿ ವಿಶ್ವವಿದ್ಯಾಲಯದಂಥ ಕಡೆ ಪ್ರಾಣಿಗಳ ಕಳೇಬರದ ಮೇಲೆ ಅಧ್ಯಯನಗಳು ನಡೆದಿವೆ. ಪಂಜಾಬಿನ ಚಳಿಗಾಲದ ಕೋಷ್ಟಕವನ್ನು ಕರಾವಳಿಯ ಮಳೆಗಾಲಕ್ಕೆ ಹಚ್ಚಿದರೆ ಮೆನ್ಯೆಂ ಪಟ್ಟಿಯ ತಪ್ಪೇ ಮರುಕಳಿಸುತ್ತದೆ. ಮಲೆನಾಡು, ಕರಾವಳಿ, ಬಯಲು ಸೀಮೆ ಮೂರಕ್ಕೂ ಬೇರೆ ಬೇರೆ ಅಂಕಿ ಬೇಕು.

ಇನ್ನೊಂದು, ಸಂಗ್ರಹದ ಕ್ರಮ. ಶವಾಗಾರಕ್ಕೆ ಬಂದ ದೇಹವನ್ನು ಮೊದಲು ತೊಳೆಯುತ್ತಾರೆ, ಹುಳುಗಳು ಚರಂಡಿ ಸೇರುತ್ತವೆ. ಶೀತಲ ಪೆಟ್ಟಿಗೆಗೆ ಸೇರಿಸಿದ ಗಂಟೆ ದಾಖಲಾಗದಿದ್ದರೆ ಬೆಳವಣಿಗೆ ನಿಧಾನವಾದದ್ದು ಎಂದಿನಿಂದ ಎಂಬುದು ತಿಳಿಯುವುದಿಲ್ಲ. ಜೀವಂತ ಹುಳುವನ್ನು ನೇರವಾಗಿ ಫಾರ್ಮಲಿನ್‌ಗೆ ಹಾಕಿದರೆ ಅದು ಕುಗ್ಗುತ್ತದೆ, ಉದ್ದ ಅಳೆದು ವಯಸ್ಸು ಹೇಳುವಾಗ ನಿಜಕ್ಕಿಂತ ಎಳೆಯದೆನ್ನಿಸುತ್ತದೆ. ಸರಿಯಾದ ವಿಧಾನ ಕಷ್ಟದ್ದಲ್ಲ: ಅರ್ಧದಷ್ಟನ್ನು ಬಿಸಿನೀರಿನಲ್ಲಿ ಕೊಂದು ಮದ್ಯಸಾರದಲ್ಲಿಡಬೇಕು, ಉಳಿದವನ್ನು ಜೀವಂತ ಸಾಕಿ ನೊಣ ಹೊರಬಂದ ಮೇಲೆ ಜಾತಿ ಖಚಿತಪಡಿಸಿಕೊಳ್ಳಬೇಕು. ಶವದ ಸುತ್ತ ಕೆಲವು ಮೀಟರ್ ಮಣ್ಣನ್ನೂ ಕೆದಕಬೇಕು, ಏಕೆಂದರೆ ಎಲ್ಲಕ್ಕಿಂತ ಹಿರಿಯ ಹುಳುಗಳು ಆಗಲೇ ದೇಹ ಬಿಟ್ಟು ಹೋಗಿರುತ್ತವೆ. ಅವನ್ನು ಬಿಟ್ಟು ಮೈಮೇಲಿನವನ್ನಷ್ಟೇ ಎತ್ತಿದರೆ ಎರಡನೆಯ ಪೀಳಿಗೆಯನ್ನು ಮೊದಲನೆಯದೆಂದು ಎಣಿಸಿದಂತಾಗುತ್ತದೆ. ಸ್ಥಳದಲ್ಲಿ ಕೆಲವು ದಿನ ತಾಪಮಾಪಕ ಇಟ್ಟರೆ ಹವಾಮಾನ ಕೇಂದ್ರದ ಅಂಕಿಯನ್ನು ತಿದ್ದಿಕೊಳ್ಳಬಹುದು.

ಹೊಸ ಕಾನೂನು ಏನನ್ನು ಬದಲಿಸುತ್ತದೆ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು, ಅದರ ವಿಡಿಯೊ ಚಿತ್ರೀಕರಣವಾಗಬೇಕು ಎನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಕಾನೂನಿನಲ್ಲಿ ಕೀಟದ ಹೆಸರಿಲ್ಲ. ಆದರೆ ಪರಿಣಾಮ ತಪ್ಪಿದ್ದಲ್ಲ. ವಿಡಿಯೊದಲ್ಲಿ ಶವದ ಮೇಲೆ ಹುಳುಗಳು ಕಾಣುತ್ತವೆ, ಮುಟ್ಟುಗೋಲು ಪಟ್ಟಿಯಲ್ಲಿ ಅವು ಇರುವುದಿಲ್ಲ. “ಕಣ್ಣೆದುರಿದ್ದ ಸಾಕ್ಷ್ಯವನ್ನು ಏಕೆ ಬಿಟ್ಟಿರಿ” ಎಂಬ ಪ್ರಶ್ನೆ ಪಾಟೀಸವಾಲಿನಲ್ಲಿ ಬಂದೇ ಬರುತ್ತದೆ. ಅರೆಬರೆ ಸಂಗ್ರಹಿಸಿ ತಂದರೂ ಅದೇ ಗತಿ. ಉಷ್ಣಾಂಶ ಬರೆದುಕೊಳ್ಳದ ಹುಳು ಎರಡೂ ಕಡೆಯ ವಕೀಲರಿಗೆ ಬೇಕಾದ ದಿನಾಂಕ ಕೊಡುತ್ತದೆ.

ಕರ್ನಾಟಕಕ್ಕೆ ಇಲ್ಲೊಂದು ಅನುಕೂಲವಿದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದೆ, ಅಲ್ಲಿ ಕೀಟಗಳನ್ನು ಡಿಎನ್‌ಎಯಿಂದ ಗುರುತಿಸುವ ಪರಿಣತಿಯಿದೆ. ಖಾಲಿ ಕೋಶದ ಚಿಪ್ಪಿನಿಂದಲೂ ಜಾತಿ ಹೇಳಲು ಸಾಧ್ಯವಿರುವ ವಿಧಾನ ಅದು. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಬರುವ ಕೀಟದ ಮಾದರಿಗಳನ್ನು ಇಂಥ ಸಂಸ್ಥೆಗೆ ಕಳುಹಿಸುವ ಒಪ್ಪಂದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಬೇಕಿರುವುದು ಸಾಕ್ಷ್ಯದ ಸರಪಳಿ ತುಂಡಾಗದಂತೆ ಸೀಲು, ಸಹಿ, ಸಮಯಗಳ ನಮೂನೆಯೊಂದು. ಕಲಂ 176(3)ರ ಅಧಿಸೂಚನೆಯ ಜತೆ ಬರುವ ಕಾರ್ಯವಿಧಾನದಲ್ಲಿ ಆ ನಮೂನೆಗೆ ಜಾಗವಿರುತ್ತದೆಯೇ ಎಂಬುದನ್ನು ಗಮನಿಸಬೇಕು. ರಾಜ್ಯಗಳಿಗಿರುವ ಗಡುವು 2029ರ ಮಧ್ಯಭಾಗಕ್ಕೆ ಮುಗಿಯುತ್ತದೆ.